ಮಂಗಳೂರಿಗೇ ಯಾಕೆ ಓಡುದು ಅಂತ ಕೇಳಿದ್ಯಲ್ಲ

"ನೀವು ಕೇರಳದವ್ರಲ್ವಾ, ಅಲ್ಲಿ ಆಸ್ಪತ್ರೆ ಎಲ್ಲ ಸೂಪರಂತೆ, ಮತ್ಯಾಕೆ ಎಲ್ಲದಕ್ಕೂ ಮಂಗಳೂರು?" ಅಂತ ಕೇಳಿದ್ಯಲ್ಲ ಮಾರಾಯ. ಕಾಸರಗೋಡಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ತಿರುವನಂತಪುರಕ್ಕೆ 500 ದಾಟ್ತದೆ. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ರಾಜ್ಯದ ಗೆರೆ ಎಳೆದವ್ರು ನಮ್ಮನ್ನು ಕೇಳಿ ಎಳೆದದ್ದಲ್ಲ.

ಲಕ್ವ ಹೊಡೆದ್ರೆ ಹೇಗೆ ಗೊತ್ತಾಗುದು ಅಂತ ಎಲ್ಲ ಕಡೆ ಬೋರ್ಡ್ ಉಂಟು. ಬಾಯಿ ವಾಲಿದೆಯಾ, ಕೈ ಎತ್ತಿದ್ರೆ ಒಂದು ಕೆಳಗೆ ಜಾರ್ತದಾ, ಮಾತು ತೊದಲ್ತದಾ. ಮೊದಲಿನ ಎರಡು ಸರಿ, ನಮ್ಮ ಗೋಳೆಲ್ಲ ಆ ಮೂರನೇದ್ರಲ್ಲಿ. ಯಾವ ಭಾಷೆಯ ಮಾತು?

ನಮ್ಮ ಚಿಕ್ಕಪ್ಪಂದು ಮನೇಲಿ ತುಳು, ಕಲಿತದ್ದು ಕನ್ನಡ ಶಾಲೆ, 40 ವರ್ಷ ಅಡಿಕೆ ವ್ಯಾಪಾರ ಮಾಡಿದ್ದು ಮಲಯಾಳದಲ್ಲಿ. ಒಂದಿನ ಬೆಳಿಗ್ಗೆ ಚಾದ ಗ್ಲಾಸು ಕೈಯಿಂದ ಜಾರಿತು, ಹತ್ತಿರದ ಆಸ್ಪತ್ರೆಗೆ ಕರ್ಕೊಂಡು ಹೋದೆವು. ಡ್ಯೂಟಿ ಡಾಕ್ಟ್ರು ಮಲಯಾಳದಲ್ಲಿ "ಪೇರೆಂದಾ?" ಅಂದ್ರು, ಹೆಸರೇನು ಅಂತ. ಇವ್ರು ಸುಮ್ನೆ ಮುಖ ನೋಡಿದ್ರು. ಮತ್ತೆ ಕೇಳಿದಾಗ "ಪುದರ್... ಪುದರ್" ಅಂತ ತುಳುವಲ್ಲಿ, ಅಂದ್ರೆ ಹೆಸರು... ಹೆಸರು. ಡಾಕ್ಟ್ರು ಓ ಕನ್ನಡದವ್ರು, ಮಲಯಾಳ ಬರುದಿಲ್ಲ ಅಂತ ನಕ್ಕು ಮುಂದೆ ಹೋದ್ರು! ಅಲ್ಲ ಮಾರಾಯ, ಮಲಯಾಳದಲ್ಲೇ ಜಗಳ ಮಾಡಿ ಕಿಲೋಗೆ ಎರಡು ರೂಪಾಯಿ ಜಾಸ್ತಿ ತೆಗೆಯುವ ಮನುಷ್ಯನಿಗೆ ಮಲಯಾಳ ಬರ್ಲಿಲ್ಲ ಅಂದ್ರೆ ಅದೇ ಅಲ್ವಾ ರೋಗ? ಎರಡು ಮೂರು ಭಾಷೆ ಇದ್ದವ್ರಿಗೆ ಮೆದುಳಿಗೆ ಪೆಟ್ಟಾದ್ರೆ ಒಂದು ಭಾಷೆ ಜಾಸ್ತಿ ಕೆಟ್ಟು ಇನ್ನೊಂದು ಸ್ವಲ್ಪ ಉಳಿಯುದುಂಟು, ನ್ಯೂರಾಲಜಿಯವ್ರಿಗೆ ಇದು ಹೊಸತೇನಲ್ಲ.

ಇದನ್ನು ಅವ್ರ ತಲೆಗೆ ಹಾಕ್ಲಿಕ್ಕೆ ಅರ್ಧ ಗಂಟೆ ಹೋಯ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುದೇ ನಾಲ್ಕೂವರೆ ಗಂಟೆ, ಮೊದ್ಲು ಸಿಟಿ ಸ್ಕ್ಯಾನ್ ಬೇರೆ ಆಗ್ಬೇಕು, ತಲೆಯೊಳಗೆ ರಕ್ತ ಸೋರಿದ್ರೆ ಆ ಇಂಜೆಕ್ಷನ್ ಕೊಡುವ ಹಾಗೇ ಇಲ್ಲ. ಮತ್ತೆ ಆಂಬುಲೆನ್ಸು, ತಲಪಾಡಿ ಗಡಿ, ಮಂಗಳೂರು. ಟೈಮಿಗೆ ಸಿಕ್ಕಿತು, ಪುಣ್ಯ. 2020ರಲ್ಲಾಗಿದ್ರೆ ಅದೂ ಇಲ್ಲ, ಲಾಕ್‌ಡೌನ್ ಅಂತ ನಿಮ್ಮ ಕರ್ನಾಟಕದವ್ರೇ ರಸ್ತೆಗೆ ಮಣ್ಣು ಸುರಿದು ಬಂದ್ ಮಾಡಿದ್ರಲ್ಲ, ಸುಪ್ರೀಂ ಕೋರ್ಟಿನ ತನಕ ಹೋಯ್ತು. ಆಗ ನಾವು ನಿಮಗೆ ಮಲಯಾಳಿಗಳು, ಇಲ್ಲಿಯವ್ರಿಗೆ ಯಾವತ್ತೂ ಕನ್ನಡದವ್ರು.

ಈಗ ವಾರಕ್ಕೆರಡು ಸಲ ಅಲ್ಲೇ ಸ್ಪೀಚ್ ಥೆರಪಿ, ಕನ್ನಡದಲ್ಲಿ. ಕಲಿಸುವ ಹುಡುಗಿ ಹುಬ್ಬಳ್ಳಿ ಕಡೆಯವ್ಳು, ಪಾಪ ತುಂಬ ತಾಳ್ಮೆ. ಬೆಕ್ಕಿನ ಚಿತ್ರ ತೋರಿಸಿದ್ರೆ ಚಿಕ್ಕಪ್ಪ ಸ್ಪಷ್ಟವಾಗಿ "ಪುಚ್ಚೆ" ಅಂತಾರೆ, ತುಳುವಲ್ಲಿ ಬೆಕ್ಕಿಗೆ ಹಾಗೇ ಹೇಳುದು, ಅವ್ಳು ತಪ್ಪು ಅಂತ ಗುರುತು ಹಾಕ್ತಾಳೆ.