ಓದುಗರ ಪ್ರಶ್ನೆ: ಕಾರ್ಟೂನಿನ ಪತ್ತೇದಾರರು ಬೆಳ್ಳಿತೆರೆಗೆ ಬಂದಾಗ

ಪ್ರಶ್ನೆ: ಕೇಬಲ್ ಟಿವಿ ಬಂದ ಹೊಸದರಲ್ಲಿ ನಾನು ಶಾಲೆಯಿಂದ ಬಂದವನೇ ಚೀಲ ಎಸೆದು ಸ್ಕೂಬಿ-ಡೂ ನೋಡುತ್ತ ಕೂರುತ್ತಿದ್ದೆ. ಆ ಧೈರ್ಯದಿಂದ ನನ್ನ ಏಳು ವರ್ಷದ ಮಗಳಿಗೆ 2004ರಲ್ಲಿ ಬಂದ ‘ಸ್ಕೂಬಿ-ಡೂ 2: ಮಾನ್‌ಸ್ಟರ್ಸ್ ಅನ್‌ಲೀಶ್ಡ್’ ತೋರಿಸಿದೆ. ಅರ್ಧಕ್ಕೆ ಅವಳು, “ಅಪ್ಪಾ, ದೆವ್ವ ಎಲ್ಲ ವೇಷ ಅಂತ ನೀನೇ ಹೇಳಿದ್ದೆಯಲ್ಲ, ಇಲ್ಲಿ ನಿಜವಾಗಿಯೂ ಇದೆಯಲ್ಲ?” ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಸಿನಿಮಾದವರು ಹೀಗೇಕೆ ಮಾಡಿದರು? (ಒಬ್ಬ ಓದುಗರು, ಮೈಸೂರು)

ಉತ್ತರ: ನಿಮ್ಮ ಮಗಳು ಕೇಳಿರುವುದು ಆ ಚಿತ್ರದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ಆಗಿರುವುದರಿಂದ, ಕೊಂಚ ದೀರ್ಘವಾಗಿಯೇ ಉತ್ತರಿಸಲು ಅನುಮತಿ ಕೊಡಿ.

ಹಾನಾ-ಬಾರ್ಬೆರಾ ಸಂಸ್ಥೆಯ ‘ಸ್ಕೂಬಿ-ಡೂ, ವೇರ್ ಆರ್ ಯೂ!’ ಸರಣಿಯು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1969ರ ಸೆಪ್ಟೆಂಬರ್ 13ರಂದು ಆರಂಭವಾಯಿತು. ಶನಿವಾರ ಬೆಳಗಿನ ಮಕ್ಕಳ ಕಾರ್ಯಕ್ರಮಗಳಲ್ಲಿ ಹೊಡೆದಾಟ ಮಿತಿಮೀರಿದೆ ಎಂದು ಅಲ್ಲಿನ ತಾಯಂದಿರು ಸಂಘ ಕಟ್ಟಿಕೊಂಡು ದನಿಯೆತ್ತಿದ್ದ ಕಾಲವದು. ಗುದ್ದಾಟವಿಲ್ಲದೆಯೂ ಮಕ್ಕಳನ್ನು ಕುತೂಹಲದಿಂದ ಹಿಡಿದು ಕೂರಿಸಬಲ್ಲ ಕಥೆ ಬೇಕೆಂದು ವಾಹಿನಿಯ ಫ್ರೆಡ್ ಸಿಲ್ವರ್‌ಮನ್ ಬಯಸಿದರು. ಜೋ ರೂಬಿ ಮತ್ತು ಕೆನ್ ಸ್ಪಿಯರ್ಸ್ ಅದನ್ನು ಬರೆದುಕೊಟ್ಟರು. ಫ್ರೆಡ್, ಡ್ಯಾಫ್ನಿ, ವೆಲ್ಮಾ, ಶ್ಯಾಗಿ ಎಂಬ ನಾಲ್ವರು ಹದಿಹರೆಯದವರು, ಸ್ಕೂಬಿ ಎಂಬ ಅಂಜುಬುರುಕನಾದ ಒಂದು ದೊಡ್ಡ ನಾಯಿ, ಪಾಳುಬಿದ್ದ ಬಂಗಲೆ, ಅಟ್ಟಿಸಿಕೊಂಡು ಬರುವ ದೆವ್ವ, ಕೊನೆಗೆ ಮುಖವಾಡ ಕಳಚಿದಾಗ ಒಳಗಿನಿಂದ ಹೊರಬೀಳುವ ಒಬ್ಬ ದುರಾಸೆಯ ಮನುಷ್ಯ: ಇಷ್ಟೇ ಚೌಕಟ್ಟು.

ಈ ಚೌಕಟ್ಟಿನ ಸೊಗಸು ತಿಳಿಯಬೇಕಾದರೆ ಎರಡನೆಯ ಕಂತಿನಲ್ಲಿ ಬರುವ ಕ್ಯಾಪ್ಟನ್ ಕಟ್ಲರನ ದೆವ್ವವನ್ನು ನೋಡಬೇಕು. ಹಳೆಯ ಮುಳುಗುಗಾರರ ಭಾರವಾದ ಉಡುಪು ತೊಟ್ಟು, ಮೈಯೆಲ್ಲ ಹಸಿರಾಗಿ ಮಿನುಗುತ್ತ ಅದು ಸಮುದ್ರದಿಂದ ಎದ್ದುಬರುತ್ತದೆ. ಆ ಹೊಳಪೇ ಮಗುವಿನ ಎದೆ ಝಲ್ಲೆನಿಸುವಂಥದ್ದು. ಕೊನೆಗೆ ತಿಳಿಯುವುದೇನೆಂದರೆ, ಆ ಹೊಳಪು ಬಟ್ಟೆಗೆ ಮೆತ್ತಿಕೊಂಡ ಒಂದು ಬಗೆಯ ಕಡಲ ಪಾಚಿಯದು. ಸತ್ತನೆಂದು ಜನ ನಂಬಿದ್ದ ಕಟ್ಲರ್ ಬದುಕಿಯೇ ಇದ್ದು ದೋಣಿಗಳನ್ನು ಕದಿಯುತ್ತಿರುತ್ತಾನೆ. ಹೆದರಿಸಿದ ವಸ್ತುವೇ ಸುಳಿವೂ ಆಗಿತ್ತು ಎಂಬುದು ಇಲ್ಲಿನ ಜಾಣ್ಮೆ. ಹಗ್ಗವನ್ನು ಹಾವೆಂದು ಬಗೆದು ಬೆದರಿದವನು ದೀಪ ತಂದು ನೋಡಿ ನಿಟ್ಟುಸಿರು ಬಿಡುವ ನಮ್ಮ ಹಳೆಯ ದೃಷ್ಟಾಂತವನ್ನು ಕೇಳಿ ಬೆಳೆದವರಿಗೆ ಈ ಸುಖವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಈಗ ಸಿನಿಮಾಕ್ಕೆ ಬರೋಣ. ರಾಜಾ ಗಾಸ್ನೆಲ್ ನಿರ್ದೇಶಿಸಿ ಜೇಮ್ಸ್ ಗನ್ ಬರೆದ ಮೊದಲ ಚಿತ್ರ 2002ರಲ್ಲಿ ಬಂದಿತು. ಅದರಲ್ಲಿ ದ್ವೀಪವೊಂದರ ಮೋಜಿನ ತಾಣಕ್ಕೆ ನಿಜವಾದ ಪಿಶಾಚಿಗಳೇ ಬರುತ್ತವೆ. ನಿಜವಾದ ದೆವ್ವಗಳನ್ನು ತಂದ ದೋಷವನ್ನು ಪೂರ್ತಿಯಾಗಿ ಸಿನಿಮಾದವರ ಮೇಲೆ ಹೊರಿಸುವುದು ನ್ಯಾಯವಲ್ಲ. 1985ರ ‘ದ ಥರ್ಟೀನ್ ಗೋಸ್ಟ್ಸ್ ಆಫ್ ಸ್ಕೂಬಿ-ಡೂ’ ಸರಣಿಯಲ್ಲಿ ಕಾರ್ಟೂನಿನವರೇ ಆ ಗೆರೆಯನ್ನು ದಾಟಿದ್ದರು. ಅದೇ ನಿರ್ದೇಶಕರೂ ಅದೇ ಲೇಖಕರೂ ಸೇರಿ ಮಾಡಿದ ಎರಡನೆಯ ಚಿತ್ರದ ಮೂಲ ಕಲ್ಪನೆ ಮಾತ್ರ ನನ್ನ ದೃಷ್ಟಿಯಲ್ಲಿ ಮೊದಲನೆಯದಕ್ಕಿಂತ ಬಹಳ ಉತ್ತಮವಾದದ್ದು. ಕೂಲ್ಸ್‌ವಿಲ್ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ, ಈ ತಂಡ ಹಿಂದೆ ಹಿಡಿದುಕೊಟ್ಟ ಅಪರಾಧಿಗಳ ವೇಷಗಳನ್ನು ಪ್ರದರ್ಶನಕ್ಕೆ ಇಟ್ಟಿರುತ್ತಾರೆ. ಕಟ್ಲರನ ಉಡುಪು, ಮೊಟ್ಟಮೊದಲ ಕಂತಿನ ಕಪ್ಪು ಯೋಧನ ಕವಚ, ಡಾಂಬರು ಭೂತ, ಹತ್ತು ಸಾವಿರ ವೋಲ್ಟಿನ ಭೂತ, ಎಲ್ಲವೂ ಅಲ್ಲಿವೆ. ಮುಖವಾಡ ಧರಿಸಿದ ಒಬ್ಬ ದುಷ್ಟ ಆ ವೇಷಗಳನ್ನು ಕದ್ದು, ಯಂತ್ರವೊಂದರ ಸಹಾಯದಿಂದ ಅವುಗಳಿಗೆ ಜೀವ ತುಂಬುತ್ತಾನೆ. ಬರೀ ಬಟ್ಟೆಯೆಂದು ಸಾಬೀತಾಗಿದ್ದ ಭಯವೇ ಮತ್ತೆ ಎದ್ದು ಬಂದರೆ ಈ ಮಕ್ಕಳು ಏನು ಮಾಡುತ್ತಾರೆ ಎಂಬ ಪ್ರಶ್ನೆಯು ಮೂಲ ಕಾರ್ಟೂನನ್ನು ಚೆನ್ನಾಗಿ ಬಲ್ಲವರಿಗೆ ಮಾತ್ರ ಹೊಳೆಯುವಂಥದ್ದು.

ಆದರೆ ಹೊಳೆದದ್ದನ್ನು ಅವರು ಪೂರ್ತಿಯಾಗಿ ನಡೆಸಿಕೊಡಲಿಲ್ಲ ಎಂಬುದೇ ನನ್ನ ಕೊರಗು. ವೇಷಕ್ಕೆ ಜೀವ ಬಂದೊಡನೆ ಸುಳಿವು ಹುಡುಕುವ ಕೆಲಸ ಹಿಂದೆ ಸರಿದು, ಓಟ, ಬಡಿದಾಟ, ಸ್ಫೋಟಗಳು ಮುಂದೆ ಬರುತ್ತವೆ. ಕಟ್ಲರ್ ಇಲ್ಲಿಯೂ ಮಿನುಗುತ್ತಾನೆ, ಆದರೆ ಏಕೆ ಮಿನುಗುತ್ತಾನೆ ಎಂದು ಯಾರೂ ಕೇಳುವುದಿಲ್ಲ. ಪಾಚಿಯ ಜಾಗದಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಬಂದಿದೆ, ಅಷ್ಟೇ.

ಇಷ್ಟಾದರೂ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಚಿತ್ರವು ತನ್ನ ಮನೆಯ ದಾರಿಯನ್ನು ನೆನಪಿಸಿಕೊಳ್ಳುತ್ತದೆ. ಡಾಂಬರು ಭೂತವು ಉಳಿದವರನ್ನೆಲ್ಲ ಅಂಟಿನಲ್ಲಿ ಹಿಡಿದಿಟ್ಟುಕೊಂಡಾಗ, ಎಲ್ಲರಿಗಿಂತ ಅಂಜುಬುರುಕನಾದ ಸ್ಕೂಬಿಯು ಬೆಂಕಿ ಆರಿಸುವ ಸಿಲಿಂಡರಿನಿಂದ ಆ ಡಾಂಬರನ್ನು ಹೆಪ್ಪುಗಟ್ಟಿಸಿ, ಯಂತ್ರದ ಗುಂಡಿ ಒತ್ತುತ್ತಾನೆ. ಮರುಕ್ಷಣವೇ ಭೂತಗಳು ಮತ್ತೆ ಬರಿಯ ವೇಷಗಳಾಗುತ್ತವೆ. ಆಮೇಲೆ ಮುಖವಾಡ ಕಳಚುವ ಸರದಿ. ದುಷ್ಟನ ಮುಖವಾಡ ತೆಗೆದರೆ ಒಳಗೆ ಕಾಣುವುದು ಟಿವಿ ವರದಿಗಾರ್ತಿ ಹೆದರ್‌ಳ ಮುಖ. ಫ್ರೆಡ್‌ನ ಮಾತುಗಳನ್ನು ಕತ್ತರಿಸಿ ಜೋಡಿಸಿ ಪ್ರಸಾರ ಮಾಡಿ, ಊರನ್ನು ಈ ತಂಡದ ವಿರುದ್ಧ ಎತ್ತಿಕಟ್ಟಿದವಳು ಅವಳೇ. ವೆಲ್ಮಾ ಅಷ್ಟಕ್ಕೇ ನಿಲ್ಲದೆ ಆ ಮುಖವನ್ನೂ ಹಿಡಿದೆಳೆಯುತ್ತಾಳೆ. ಅದೂ ಮುಖವಾಡವೇ, ಅದರ ಕೆಳಗಿರುವವನು ಈ ತಂಡ ಹಿಂದೆ ಹಿಡಿದುಕೊಟ್ಟಿದ್ದ, ಸತ್ತನೆಂದು ಎಲ್ಲರೂ ತಿಳಿದಿದ್ದ ಅಪರಾಧಿ ಜೇಕಬೋ! ಈ ದೃಶ್ಯವನ್ನು ನಾನು ಹಿಂದಕ್ಕೆ ತಿರುಗಿಸಿ ಎರಡು ಸಲ ನೋಡಿದೆ. ಸತ್ತವನು ಬದುಕಿದ್ದ ಎಂಬ ಗುಟ್ಟು ಕಟ್ಲರನ ಕಂತಿನದೇ ಗುಟ್ಟು.

ಆದ್ದರಿಂದ ನಿಮ್ಮ ಮಗಳಿಗೆ ಹೀಗೆ ಹೇಳಬಹುದು: “ಆ ಭೂತಗಳು ತಾವಾಗಿಯೇ ಬಂದದ್ದಲ್ಲ ಪುಟ್ಟಾ, ಒಬ್ಬ ಮನುಷ್ಯ ವೇಷಗಳನ್ನು ಕದ್ದು ಯಂತ್ರದಲ್ಲಿ ಹಾಕಿ ಮಾಡಿದ್ದು. ಯಂತ್ರ ನಿಂತ ಮೇಲೆ ಏನು ಉಳಿಯಿತು, ನೋಡಿದೆಯಾ?” ಎಂದು ಕೇಳಿ. ಉತ್ತರವನ್ನು ಅವಳೇ ಹೇಳುತ್ತಾಳೆ.

ಪ್ರಶ್ನೆ: ಎರಡನೆಯ ಚಿತ್ರವೂ ಹಾಕಿದ್ದಕ್ಕಿಂತ ಹೆಚ್ಚು ಹಣ ಗಳಿಸಿತಂತೆ. ಹಾಗಿದ್ದರೆ ಮೂರನೆಯ ಭಾಗ ಏಕೆ ಬರಲಿಲ್ಲ? (ಒಬ್ಬ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಲೆಕ್ಕವನ್ನೇ ನೋಡೋಣ. ಮೊದಲ ಚಿತ್ರಕ್ಕೆ ತಗುಲಿದ ವೆಚ್ಚ ಸುಮಾರು 8.4 ಕೋಟಿ ಡಾಲರ್, ಪ್ರಪಂಚದಾದ್ಯಂತ ಗಲ್ಲಾಪೆಟ್ಟಿಗೆಗೆ ಬಂದದ್ದು ಸುಮಾರು 27.5 ಕೋಟಿ. ಎರಡನೆಯದರ ವೆಚ್ಚ ಸುಮಾರು 8 ಕೋಟಿ, ಬಂದದ್ದು ಸುಮಾರು 18.1 ಕೋಟಿ. ಈ ಮೊತ್ತದಲ್ಲಿ ದೊಡ್ಡ ಪಾಲು ಚಿತ್ರಮಂದಿರಗಳಿಗೆ ಹೋಗುತ್ತದೆ. ಪ್ರಚಾರದ ಖರ್ಚು ನಿರ್ಮಾಣದ ವೆಚ್ಚದಲ್ಲಿ ಸೇರಿರುವುದಿಲ್ಲ. ಹೀಗಾಗಿ ಹಾಕಿದ್ದರ ಎರಡರಷ್ಟು ಬಂದರೂ ನಿರ್ಮಾಪಕರ ಕೈಯಲ್ಲಿ ಉಳಿಯುವುದು ಅಲ್ಪ. ಮುಂದಿನ ಭಾಗವೆಂದರೆ ಹಿಂದಿನದಕ್ಕಿಂತ ಏರಬೇಕೆಂದು ಸ್ಟುಡಿಯೋಗಳು ಬಯಸುತ್ತವೆ, ಇದು ಮೂರನೆಯ ಒಂದು ಭಾಗದಷ್ಟು ಇಳಿದಿತ್ತು. ಮೂರನೆಯ ಚಿತ್ರವನ್ನು ಕೈಬಿಟ್ಟರು.

ಅದರ ಕಥೆ ಏನಿತ್ತೆಂಬುದನ್ನು ಜೇಮ್ಸ್ ಗನ್ 2020ರಲ್ಲಿ ಟ್ವಿಟರಿನಲ್ಲಿ ಹಂಚಿಕೊಂಡರು. ಸ್ಕಾಟ್ಲೆಂಡಿನ ಒಂದು ಊರಿನವರು ರಾಕ್ಷಸರ ಕಾಟವೆಂದು ದೂರಿ ಈ ತಂಡವನ್ನು ಕರೆಸಿಕೊಳ್ಳುತ್ತಾರೆ. ಹೋಗಿ ನೋಡಿದರೆ ನಿಜವಾಗಿ ನೊಂದವರು ಆ ರಾಕ್ಷಸರೇ ಆಗಿದ್ದು, ಶ್ಯಾಗಿ ಮತ್ತು ಸ್ಕೂಬಿ ತಮ್ಮ ಪೂರ್ವಗ್ರಹಗಳನ್ನು ತಾವೇ ಎದುರಿಸಬೇಕಾಗುತ್ತದೆ. ಮೂರು ಕಥೆಗಳ ಪೈಕಿ ನನಗೆ ಅತ್ಯಂತ ಪ್ರಿಯವಾದದ್ದು ತೆರೆಗೆ ಬಾರದ ಇದೇ ಕಥೆ. ಭೂತ ನಿಜವಾದರೂ ಚಿಂತೆಯಿಲ್ಲ, ಆದರೆ ಅದರ ಮುಖ ನಾವು ಮೊದಲು ಕಂಡದ್ದಲ್ಲ ಎಂಬ ಪತ್ತೇದಾರಿಯ ಸತ್ಯವು ಇದರಲ್ಲಿ ಉಳಿಯುತ್ತಿತ್ತು.

ಪ್ರಶ್ನೆ: ನಟರೆಲ್ಲ ಕಾರ್ಟೂನಿನಂತೆಯೇ ಕಾಣುತ್ತಾರೆ, ಶ್ಯಾಗಿಯ ದನಿಯಂತೂ ಅದೇ. ನಾಯಿ ಮಾತ್ರ ಏಕೋ ಕಣ್ಣಿಗೆ ಒಗ್ಗುವುದಿಲ್ಲ. (ಒಬ್ಬ ಗೃಹಿಣಿ, ಮಂಗಳೂರು)

ಉತ್ತರ: ಮ್ಯಾಥ್ಯೂ ಲಿಲಾರ್ಡ್ ಅವರ ಶ್ಯಾಗಿಯ ಬಗ್ಗೆ ನಿಮ್ಮ ಮಾತು ಸರಿ. ನಾಯಿಯ ವಿಷಯದಲ್ಲಿ ಕಾರಣವು ಅದನ್ನು ಮೊದಲು ಬರೆದ ಕೈಯಲ್ಲಿಯೇ ಇದೆ. ಸ್ಕೂಬಿಯನ್ನು ರೂಪಿಸಿದ ಇವಾವೊ ತಕಮೊಟೊ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದವರನ್ನು ಕೂಡಿಹಾಕಿದ್ದ ಮಾನ್ಜನಾರ್ ಶಿಬಿರದಲ್ಲಿದ್ದಾಗ ಚಿತ್ರಕಲೆಯನ್ನು ಕಲಿತವರು. ಒಳ್ಳೆಯ ಗ್ರೇಟ್ ಡೇನ್ ಹೇಗಿರಬೇಕೆಂದು ಆ ತಳಿಯನ್ನು ಸಾಕುತ್ತಿದ್ದ ಸಹೋದ್ಯೋಗಿಯೊಬ್ಬರಿಂದ ಅವರು ವಿವರವಾಗಿ ಕೇಳಿ ತಿಳಿದರು, ತಿಳಿದು ಎಲ್ಲವನ್ನೂ ತಿರುವುಮುರುವಾಗಿ ಬರೆದರು: ನೆಟ್ಟಗಿರಬೇಕಾದ ಬೆನ್ನಿಗೆ ಗೂನು, ನೇರವಾಗಿರಬೇಕಾದ ಕಾಲುಗಳಿಗೆ ಸೊಟ್ಟ, ಚಿಕ್ಕದಾಗಿರಬೇಕಾದ ಗದ್ದಕ್ಕೆ ಉದ್ದ. ಗೆರೆಯಲ್ಲಿ ಈ ತಪ್ಪುಗಳೆಲ್ಲ ಮುದ್ದಾಗಿ ಕಾಣುತ್ತವೆ. ಅದೇ ದೇಹಕ್ಕೆ ಕಂಪ್ಯೂಟರಿನಲ್ಲಿ ಒಂದೊಂದು ರೋಮವನ್ನೂ ಅಂಟಿಸಿ, ರಕ್ತಮಾಂಸದ ಮನುಷ್ಯರ ಪಕ್ಕದಲ್ಲಿ ನಿಲ್ಲಿಸಿದಾಗ, ಇದು ನಾಯಿಯೋ ಚಿತ್ರವೋ ಎಂದು ಕಣ್ಣು ತೀರ್ಮಾನಿಸಲಾರದೆ ಒದ್ದಾಡುತ್ತದೆ. ಅನಿಮೇಟರುಗಳ ಶ್ರಮ ಕಡಿಮೆಯಾಯಿತೆಂದು ನಾನು ಹೇಳಲಾರೆ.

ಪ್ರಶ್ನೆ: ‘ಇನ್ಸ್‌ಪೆಕ್ಟರ್ ಗ್ಯಾಜೆಟ್ 2’ ಕೂಡ ಇದೇ ಜಾತಿಗೆ ಸೇರುವುದೇ? (ಒಬ್ಬ ಶಿಕ್ಷಕರು, ಬಳ್ಳಾರಿ)

ಉತ್ತರ: ಸೇರುತ್ತದೆ. ಮೈಯೊಳಗೇ ಯಂತ್ರಗಳನ್ನು ಇಟ್ಟುಕೊಂಡ ಪತ್ತೇದಾರನ ಮೂಲ ಕಾರ್ಟೂನ್ 1983ರದು; 1999ರಲ್ಲಿ ಡಿಸ್ನಿಯವರ ಸಿನಿಮಾ, 2003ರಲ್ಲಿ ಚಿತ್ರಮಂದಿರಕ್ಕೆ ಬಾರದೆ ನೇರವಾಗಿ ವೀಡಿಯೋದಲ್ಲಿ ಎರಡನೆಯ ಭಾಗ. ಮುಖ್ಯ ನಟರು ಬದಲಾದರು, ಹಣವೂ ಕಡಿಮೆಯೆಂಬುದು ಎದ್ದು ಕಾಣುತ್ತದೆ. ಆದರೂ ಒಂದು ವಿಷಯದಲ್ಲಿ ಎರಡನೆಯದನ್ನು ಮೆಚ್ಚುತ್ತೇನೆ. ಕಾರ್ಟೂನಿನಲ್ಲಿ ಖಳನಾಯಕ ಕ್ಲಾನ ಕಬ್ಬಿಣದ ಕೈ ಮಾತ್ರ ಕಾಣುತ್ತಿತ್ತು, ಮುಖವನ್ನು ಎಂದೂ ತೋರಿಸುತ್ತಿರಲಿಲ್ಲ. ಮೊದಲ ಸಿನಿಮಾ ಆ ಮುಖವನ್ನು ತೋರಿಸಿ ಅವನನ್ನು ಸಾಮಾನ್ಯನನ್ನಾಗಿಸಿತು, ಎರಡನೆಯದು ಮತ್ತೆ ಮರೆಮಾಡಿತು.

ಪ್ರಶ್ನೆ: ಮಕ್ಕಳ ರಜೆಗೆ ಇವನ್ನೆಲ್ಲ ಯಾವ ಕ್ರಮದಲ್ಲಿ ತೋರಿಸಲಿ? 2009ರ ಟಿವಿ ಚಿತ್ರವೂ ಇದೆಯಂತಲ್ಲ. (ಒಬ್ಬ ಕನ್ನಡತಿ, ದುಬೈ)

ಉತ್ತರ: ಇದೆ. ‘ದ ಮಿಸ್ಟರಿ ಬಿಗಿನ್ಸ್’ ಎಂಬ ಅದು, ಕಾರ್ಟೂನಿಗೆ ಸರಿಯಾಗಿ ನಲವತ್ತು ವರ್ಷ ತುಂಬಿದ ದಿನ ಪ್ರಸಾರವಾಯಿತು. ಈ ಐವರೂ ಮೊದಲು ಹೇಗೆ ಜೊತೆಯಾದರು ಎಂಬುದು ಕಥೆ. 2010ರ ‘ಕರ್ಸ್ ಆಫ್ ದ ಲೇಕ್ ಮಾನ್‌ಸ್ಟರ್’ ಅದರ ಮುಂದಿನ ಭಾಗ. 1969ರಿಂದ ಫ್ರೆಡ್‌ಗೆ ದನಿಯಾಗಿದ್ದ ಫ್ರ್ಯಾಂಕ್ ವೆಲ್ಕರ್ ಇವೆರಡರಲ್ಲೂ ಸ್ಕೂಬಿಗೆ ಕಂಠದಾನ ಮಾಡಿದ್ದಾರೆ. ಇವನ್ನು ಆಮೇಲೆ ನೋಡಿದರೂ ನಷ್ಟವಿಲ್ಲ. ಮೊದಲ ದಿನ ಹಳೆಯ ಕಾರ್ಟೂನಿನ ಕಪ್ಪು ಯೋಧನ ಕಂತನ್ನೂ ಕಟ್ಲರನ ಕಂತನ್ನೂ ತೋರಿಸಿ. ಮರುದಿನ 2004ರ ಚಿತ್ರವನ್ನು ಹಾಕಿದರೆ, ವಸ್ತುಸಂಗ್ರಹಾಲಯದ ದೃಶ್ಯದಲ್ಲಿ ಆ ಎರಡು ವೇಷಗಳನ್ನು ಮಕ್ಕಳೇ ಗುರುತು ಹಿಡಿಯುತ್ತಾರೆ. 2002ರದು ಹತ್ತು ವರ್ಷ ದಾಟಿದವರಿಗೆ ಇರಲಿ.