ಎಲ್ಲರೂ ನೋಡ್ತಿದ್ದರೆ ಮಕ್ಕಳು ಹೇಗೆ ಆಡ್ತಾರೆ?

ಪ್ರಶ್ನೆ: ನಾನು ರಂಗನಟಿ. ಈಗ 13–14 ವರ್ಷದ ಮಕ್ಕಳಿಗೆ ನಾಟಕ ಕಲಿಸುತ್ತಿದ್ದೇನೆ. ಒಬ್ಬೊಬ್ಬರನ್ನೇ ಮುಂದೆ ಕರೆದು ಅಭಿನಯಿಸಿ ಅಂದರೆ ತಲೆ ತಗ್ಗಿಸಿ ನಿಲ್ಲುತ್ತಾರೆ. ಒಬ್ಬ ಹುಡುಗನಂತೂ ಎಲ್ಲದಕ್ಕೂ ಕಿಸಕ್ಕನೆ ನಗುತ್ತಾನೆ, ಆಮೇಲೆ ಉಳಿದವರನ್ನು ಹಿಡಿಯೋಕಾಗಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಒಬ್ಬೊಬ್ಬರನ್ನೇ ಕರೆಯುವುದನ್ನು ಬಿಟ್ಟುಬಿಡಿ. ನಾಲ್ಕು ಜನ ನೋಡಿದರೆ ನಿಮಗೆ ಹುರುಪು ಬರುತ್ತದೆ, ಅದು ನಿಮ್ಮ ಕಸುಬು. ಆ ವಯಸ್ಸಿಗೆ ಅದೇ ಹಿಂಸೆ. ದನಿ ಒಡೆಯುತ್ತಿರುತ್ತದೆ, ಮೈ ಬದಲಾಗುತ್ತಿರುತ್ತದೆ, ಪಕ್ಕದವರು ಏನಂದುಕೊಳ್ಳುತ್ತಾರೋ ಅನ್ನುವ ಚಿಂತೆಯೇ ಜಾಸ್ತಿ. ಎಲ್ಲರೂ ಒಟ್ಟಿಗೇ ಆಡಲಿ, ಕೂತು ನೋಡುವವರು ಯಾರೂ ಬೇಡ.

ಕನ್ನಡಿ ಆಟದಿಂದ ಶುರು ಮಾಡಿ. ಇಬ್ಬಿಬ್ಬರು ಎದುರುಬದುರು ನಿಲ್ಲಲಿ. ಒಬ್ಬರು ತುಂಬಾ ನಿಧಾನವಾಗಿ ಕೈ ಎತ್ತಬೇಕು, ಇನ್ನೊಬ್ಬರು ಕನ್ನಡಿಯಲ್ಲಿ ಕಂಡ ಹಾಗೆ ಜೊತೆಜೊತೆಗೇ ಎತ್ತಬೇಕು. ನಡುವೆ ನೀವು ‘ಬದಲಿ’ ಅನ್ನಿ, ಅನುಸರಿಸುತ್ತಿದ್ದವರು ಈಗ ನಡೆಸಲಿ. ಈ ‘ಬದಲಿ’ಯನ್ನು ಬೇಗಬೇಗ ಕೂಗುತ್ತಾ ಹೋದರೆ ಒಂದು ಹಂತದಲ್ಲಿ ಯಾರು ನಡೆಸುತ್ತಿದ್ದಾರೆ ಅಂತ ಅವರಿಗೂ ಗೊತ್ತಾಗುವುದಿಲ್ಲ, ಆಗ ಮುಖ ನೋಡಿ, ನಾಚಿಕೆ ಎಲ್ಲೋ ಹೋಗಿರುತ್ತದೆ. ಇಂಥ ರಂಗ ಆಟಗಳನ್ನು ಬೆಳೆಸಿದವರಲ್ಲಿ ಅಮೆರಿಕದ ವಯೋಲಾ ಸ್ಪೋಲಿನ್ ದೊಡ್ಡ ಹೆಸರು. ಷಿಕಾಗೊದಲ್ಲಿ ವಲಸೆ ಬಂದ ಕುಟುಂಬಗಳ ಮಕ್ಕಳ ಜೊತೆ ಕೆಲಸ ಮಾಡಿದವರು. ಆಟ ನಿಲ್ಲಿಸಿ ತಪ್ಪು ತಿದ್ದಬೇಡಿ, ಪಕ್ಕದಲ್ಲಿ ನಿಂತು ‘ಇನ್ನೂ ನಿಧಾನ’, ‘ಕಣ್ಣು ನೋಡು’ ಅಂತ ಸೂಚನೆ ಕೊಡುತ್ತಿರಿ ಅನ್ನುವುದು ಅವರ ಪದ್ಧತಿ.

ನಗುವ ಹುಡುಗನನ್ನು ಗದರಬೇಡಿ. ಅವನಿಗೂ ಅಂಜಿಕೆಯೇ ಇರಬಹುದು. ಒಂದು ತಮಟೆ ಕೈಗೆ ಕೊಟ್ಟು ಎಲ್ಲರ ನಡಿಗೆಗೆ ತಾಳ ಹಾಕಲು ಹೇಳಿ ನೋಡಿ.

ಪ್ರಶ್ನೆ: ಗೇಲಿ, ರ‍್ಯಾಗಿಂಗ್ ಬಗ್ಗೆ ಹದಿಹರೆಯದವರಿಂದಲೇ ನಾಟಕ ಮಾಡಿಸಬೇಕು ಅಂತಿದೆ. ಅವರ ಸ್ವಂತ ಅನುಭವವನ್ನೇ ಆಡಿಸಬಹುದಾ?

ಉತ್ತರ: ನೇರವಾಗಿ ಬೇಡ, ದಯವಿಟ್ಟು ಬೇಡ. ನಿಜವಾಗಿ ನೋವು ತಿಂದವರು ಅದನ್ನೇ ಎಲ್ಲರೆದುರು ಮತ್ತೆ ಅನುಭವಿಸಬೇಕಾಗುತ್ತದೆ, ನಾಟಕ ಮುಗಿದ ಮೇಲೂ ಅವರು ಅದೇ ತರಗತಿಯಲ್ಲಿ ಕೂರಬೇಕು ಅಲ್ವಾ? ಹೆಸರು, ಜಾಗ, ಸಂದರ್ಭ ಎಲ್ಲ ಬದಲಿಸಿ ಕಟ್ಟುಕಥೆ ಮಾಡಿ. ಬ್ರೆಜಿಲ್‌ನ ಅಗಸ್ಟೊ ಬೋಲ್ ರೂಪಿಸಿದ ಫೋರಂ ಥಿಯೇಟರ್ ಇದಕ್ಕೆ ಚೆನ್ನಾಗಿ ಒದಗುತ್ತದೆ. ಅನ್ಯಾಯ ನಡೆಯುವ ಒಂದು ಸಣ್ಣ ದೃಶ್ಯವನ್ನು ಪೂರ್ತಿ ಆಡಿ, ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ಈ ಸಲ ನೋಡುವವರಲ್ಲಿ ಯಾರಾದರೂ ‘ನಿಲ್ಲಿಸಿ’ ಅಂದು ಒಳಗೆ ಬಂದು ಬೇರೆ ರೀತಿ ನಡೆದುಕೊಂಡು ತೋರಿಸಬಹುದು. ಗೇಲಿಗೆ ಒಳಗಾದವರ ಜಾಗಕ್ಕೋ, ಸುಮ್ನೆ ನೋಡುತ್ತಾ ನಿಂತ ಗೆಳೆಯರ ಜಾಗಕ್ಕೋ ಬರಲಿ. ಗೇಲಿ ಮಾಡುವವನನ್ನೇ ಬದಲಿಸಿ ಒಳ್ಳೆಯವನನ್ನಾಗಿ ಮಾಡಿಬಿಟ್ಟರೆ ಸಮಸ್ಯೆಯೇ ಮಾಯ, ಯಾರೂ ಏನೂ ಯೋಚಿಸಬೇಕಾಗಿಲ್ಲ. ಪಾತ್ರದಿಂದ ಹೊರಬರಲು ಕೊನೆಗೆ ಸಮಯ ಇಡಿ: ಮೈ ಕೊಡವಿ, ಸ್ವಂತ ಹೆಸರು ಹೇಳಿ, ಒಂದು ಸಾದಾ ಆಟ ಆಡಿ. ಯಾರಾದರೂ ತೀರಾ ಮಂಕಾಗಿದ್ದರೆ ಗುಂಪಿನಲ್ಲಿ ಕೆದಕಬೇಡಿ, ಬೇರೆಯಾಗಿ ಮಾತಾಡಿ, ಅಗತ್ಯವಿದ್ದರೆ ಆಪ್ತಸಮಾಲೋಚಕರ ಹತ್ತಿರ ಕಳಿಸಿ.

ಪ್ರಶ್ನೆ: ಕೊನೆಗೆ ಪ್ರದರ್ಶನ ಮಾಡಲೇಬೇಕಾ?

ಉತ್ತರ: ಬೇಕಿಲ್ಲ. ಮಕ್ಕಳೇ ಬೇಕು ಅಂದರೆ ಮಾಡಿ. ಬೇಡ ಅಂದರೆ ಪೋಷಕರನ್ನು ಕರೆದು ಒಂದು ತರಗತಿಯನ್ನೇ ತೋರಿಸಿ, ಅವರನ್ನೂ ಕನ್ನಡಿ ಆಟಕ್ಕೆ ಸೇರಿಸಿಕೊಳ್ಳಿ.