ಮೀಟಿಂಗ್ ಲಾಸ್ಟ್ ಬಸ್ಸಿಗೆ ಮುಂಚೆ ಮುಗಿಯುತ್ತಾ?

ಪ್ರಶ್ನೆ: ನನಗೆ 41 ವರ್ಷ. ಹೊಸನಗರದ ಕಡೆ ಎರಡು ಎಕರೆ ಅಡಿಕೆ ತೋಟ ಇದೆ. ದಿನಾ ಎರಡು ಕ್ವಾರ್ಟರ್ ಬೇಕು, ಬೆಳಿಗ್ಗೆ ಕೈ ನಡುಗುತ್ತದೆ. ಸಿಗಂದೂರು ದೇವಿಯ ಹತ್ತಿರ ಹೋಗಿ ಇನ್ನು ಕುಡಿಯುವುದಿಲ್ಲ ಅಂತ ಆಣೆ ಮಾಡಿ ಬಂದಿದ್ದೆ. ಮೂರು ತಿಂಗಳು ನಿಂತಿತು, ಭೂಮಿ ಹುಣ್ಣಿಮೆ ದಿನ ಮತ್ತೆ ಶುರುವಾಯಿತು. ಪೇಟೆಗಳಲ್ಲಿ ಕುಡಿತ ಬಿಡುವವರ ಎಎ ಮೀಟಿಂಗ್ ನಡೆಯುತ್ತವಂತೆ. ಹುಡುಕುವುದು ಹೇಗೆ? ಅಲ್ಲಿ ಏನು ಮಾಡುತ್ತಾರೆ? ಗುರುತಿನವರು ಯಾರಾದರೂ ಸಿಕ್ಕಿದರೆ? ನಮ್ಮೂರಿಗೆ ಲಾಸ್ಟ್ ಬಸ್ ತಪ್ಪಿದರೆ ಗತಿಯಿಲ್ಲ. ಹೆಂಡತಿ ಜೊತೆಗೆ ಬರಬಹುದಾ?

ಉತ್ತರ: ಮೊದಲು ಕೈ ನಡುಕದ ವಿಷಯ. ಈ ಪತ್ರ ಓದಿದ ಹುರುಪಿನಲ್ಲಿ ನಾಳೆಯೇ ಒಮ್ಮೆಲೇ ನಿಲ್ಲಿಸಬೇಡಿ. ದಿನಾ ಇಷ್ಟು ಕುಡಿಯುವವರು ದಿಢೀರ್ ಬಿಟ್ಟರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು. ಪ್ರಾಣಕ್ಕೇ ಅಪಾಯ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಿ, ಎಷ್ಟು ಕುಡಿಯುತ್ತೀರಿ ಅಂತ ನಿಜ ಹೇಳಿ. ಅರ್ಧ ಮಾಡಿ ಹೇಳಬೇಡಿ, ನಾನು ಹಾಗೆ ಹೇಳಿ ಅನುಭವಿಸಿದ್ದೇನೆ. ಮೀಟಿಂಗ್ ಔಷಧಿಯ ಜೊತೆಗೆ, ಔಷಧಿಯ ಬದಲಿಗಲ್ಲ.

ಹುಡುಕುವುದು ಕಷ್ಟವಿಲ್ಲ. ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವ, ಇನ್ನೊಬ್ಬ ಡಾಕ್ಟರು, ಸೇರಿ ಶುರು ಮಾಡಿದ್ದು. ಎಎ ಇಂಡಿಯಾದ ವೆಬ್‌ಸೈಟಿನಲ್ಲಿ ನೋಡಬಹುದು. ಇಲ್ಲವಾದರೆ ವ್ಯಸನಮುಕ್ತಿಯ ಸರ್ಕಾರಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ನಿಮ್ಮ ಹತ್ತಿರ ಏನೇನಿದೆ ಅಂತ ಕೇಳಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳೂ ನಮ್ಮ ಕಡೆ ನಡೆಯುತ್ತವೆ. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಅಂತ ಇರುತ್ತದೆ, ಅದೂ ಕೂತು ಮಾತಾಡುವ ಗುಂಪೇ. ಯಾವುದು ಹತ್ತಿರವೋ ಅದು. ಹೊರಡುವ ಮುಂಚೆ ಫೋನ್ ಮಾಡಿ ಮೀಟಿಂಗ್ ಇದೆಯಾ ಅಂತ ಕೇಳಿಕೊಳ್ಳಿ. ಮಳೆಗಾಲದಲ್ಲಿ ಅಷ್ಟು ದೂರ ಹೋಗಿ ಬಾಗಿಲಿಗೆ ಬೀಗ ನೋಡಿದರೆ ಕಾಲು ಯಾವ ಕಡೆ ತಿರುಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನಾನು ಅಡಿಕೆ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಮೊದಲ ಮೂರು ವಾರ ಒಳಗೆ ಹೋಗಲೇ ಇಲ್ಲ. ಎದುರಿನ ಗೂಡಂಗಡಿಯಲ್ಲಿ ಟೀ ಕುಡಿಯುತ್ತಾ ಯಾರ್ಯಾರು ಹೋಗುತ್ತಾರೆ ಅಂತ ನೋಡುತ್ತಿದ್ದೆ. ನಾಲ್ಕನೇ ವಾರ ಒಬ್ಬ ಹಿರಿಯರು ಗೇಟಿನ ಹತ್ತಿರ ನಿಂತು, "ಸ್ವಲ್ಪ ಈ ಬೆಂಚಿನ ಆ ತುದಿ ಹಿಡಿತೀರಾ?" ಅಂದರು. ಹಿಡಿದೆ. ಬೆಂಚು ಒಳಗೆ ಹೋಯಿತು, ಜೊತೆಗೆ ನಾನೂ ಹೋದೆ. ಅದೊಂದು ಶಾಲೆಯ ಕೊಠಡಿ. ಚಿಕ್ಕ ಮಕ್ಕಳ ಬೆಂಚು, ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು. ಬೋರ್ಡಿನ ಮೇಲೆ ಯಾರೋ ಟೀಚರ್ ಬರೆದ ಒತ್ತಕ್ಷರದ ಪದಗಳು ಹಾಗೇ ಇದ್ದವು. ಆವತ್ತು ನಾನು ಯಾರ ಮುಖವನ್ನೂ ನೋಡಲಿಲ್ಲ, ಅಕ್ಕ, ಅಣ್ಣ, ಹಗ್ಗ ಅಂತ ಓದುತ್ತಾ ಕೂತಿದ್ದೆ.

ಅಲ್ಲಿ ನಡೆಯುವುದು ಇಷ್ಟೆ. ಒಬ್ಬೊಬ್ಬರಾಗಿ ಹೆಸರು ಹೇಳಿ ತಮ್ಮ ಕತೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಮಧ್ಯೆ ಬಾಯಿ ಹಾಕಿ ಬುದ್ಧಿ ಹೇಳುವಂತಿಲ್ಲ. ಮನೆತನ, ಜಾತಿ, ವಿಳಾಸ ಯಾವುದೂ ಬೇಡ. ನೀವು ಸುಮ್ನೆ ಕೂತು ಎದ್ದು ಬರಬಹುದು. ಫೀಸಿಲ್ಲ. ಕೊನೆಗೆ ಒಂದು ಡಬ್ಬಿ ಸುತ್ತು ಬರುತ್ತದೆ, ಹಾಕದಿದ್ದರೂ ಯಾರೂ ನೋಡುವುದಿಲ್ಲ. ಕೆಲವು ಕಡೆ ಚರ್ಚಿನ ಕೊಠಡಿಯಲ್ಲಿ ಸೇರುತ್ತಾರೆ, ಹಾಗಂತ ಅದು ಒಂದು ಧರ್ಮದವರದ್ದಲ್ಲ. ಇನ್ನು ಆಣೆ. ದೇವಿ ಮೇಲೆ ನನಗೂ ಭಕ್ತಿ ಇದೆ, ಆದರೆ ಆಣೆ ಜೀವಮಾನದ್ದು. ಒಂದು ದಿನ ಮುರಿದರೆ "ಹೇಗೂ ಮುರೀತಲ್ಲ" ಅಂತ ಪೂರ್ತಿ ಕುಡಿಯುತ್ತೇವೆ, ಅಲ್ವಾ? ಇಲ್ಲಿ ಇವತ್ತೊಂದು ದಿನ ಬೇಡ ಅನ್ನುತ್ತಾರೆ. ನಾಳೆಯ ಮಾತು ನಾಳೆ. ಜಾರಿದರೂ ಮುಂದಿನ ವಾರ ಬಂದು ಕೂರಬಹುದು. ನಾನು ಎರಡು ಸಲ ಹಾಗೆ ಬಂದು ಕೂತಿದ್ದೇನೆ.

ಹೆಂಡತಿಯ ಬಗ್ಗೆ: ಓಪನ್ ಮೀಟಿಂಗ್ ಇದ್ದ ದಿನ ಯಾರು ಬೇಕಾದರೂ ಬರಬಹುದು, ಕ್ಲೋಸ್ಡ್ ಆದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಮನೆಯವರಿಗೆ ಅಂತಲೇ ಅಲ್-ಅನಾನ್ ಅಂತ ಬೇರೆ ಗುಂಪುಗಳಿವೆ. ಅವರು ಬರುವುದಾದರೆ ತಮಗಾಗಿ ಬರಲಿ, ನಿಮ್ಮನ್ನು ಕಾಯುವುದಕ್ಕಲ್ಲ.

ಗುರುತಿನವರು ಸಿಕ್ಕೇ ಸಿಗುತ್ತಾರೆ ಮಾರಾಯ್ರೆ. ನನ್ನ ಎದುರಿನ ಬೆಂಚಿನಲ್ಲಿ ಕೂತಿದ್ದವರು ನಮ್ಮ ಮಂಡಿಗೇ ಅಡಿಕೆ ಹಾಕುತ್ತಿದ್ದ ಯಜಮಾನರು. ಇಬ್ಬರಿಗೂ ನೆಲ ಬಿರಿಯಬಾರದಾ ಅನ್ನಿಸಿತು. ಮಾರನೇ ವಾರ ಮಂಡಿಗೆ ಬಂದರು. "ರಾಶಿ ಇಡಿ ಹೇಗಿದೆ?" ಅಂದರು. ಆ ತರದ ಅಡಿಕೆಯ ರೇಟ್ ಹೇಳಿದೆ. 11 ವರ್ಷವಾಯಿತು, ಆ ಕೊಠಡಿಯ ಹೊರಗೆ ಅವರು ನನ್ನ ಹತ್ತಿರ ಅಡಿಕೆ ಬಿಟ್ಟು ಬೇರೆ ಮಾತಾಡಿಲ್ಲ. ಅಷ್ಟೂ ಹಿಂಜರಿಕೆ ಇದ್ದರೆ ನಿಮ್ಮ ತಾಲ್ಲೂಕು ಬಿಟ್ಟು ಬೇರೆ ಊರಿನ ಗುಂಪಿಗೆ ಹೋಗಿ, ತಪ್ಪೇನಿಲ್ಲ.

ಬಸ್ಸಿನ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಂಡದ್ದು. ಮೀಟಿಂಗ್ ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆ. ಬಸ್ಸಿಗಾಗಿ ಮಧ್ಯೆ ಎದ್ದು ಹೋದರೂ ಯಾರೂ ಏನೂ ಅನ್ನುವುದಿಲ್ಲ. ಕಷ್ಟದ ಸಮಯ ಅಂದರೆ ಮೀಟಿಂಗ್ ಮುಗಿದು ಬಸ್ ಬರುವವರೆಗಿನ ಮುಕ್ಕಾಲು ಗಂಟೆ. ಬಸ್ ಸ್ಟ್ಯಾಂಡ್ ಸುತ್ತ ಏನೇನು ಅಂಗಡಿ ಇರುತ್ತವೆ ಅಂತ ನಿಮಗೆ ನಾನು ಹೇಳಬೇಕಾ? ಮೊದಲ ದಿನವೇ, "ನನ್ನ ಬಸ್ ಇಷ್ಟು ಗಂಟೆಗೆ, ಯಾರಾದರೂ ಜೊತೆಗೆ ಬರ್ತೀರಾ?" ಅಂತ ಬಾಯಿಬಿಟ್ಟು ಕೇಳಿ. ಒಬ್ಬರಲ್ಲ ಒಬ್ಬರು ಎದ್ದು ಬರುತ್ತಾರೆ. ನನ್ನ ಜೊತೆ ಬಂದವರು ಅದೇ ಬೆಂಚಿನ ಹಿರಿಯರು. ಬಸ್ ಹೊರಡುವವರೆಗೂ ಕಿಟಕಿಯ ಹತ್ತಿರ ನಿಂತಿರುತ್ತಿದ್ದರು. ಆರು ತಿಂಗಳ ಟೀ ದುಡ್ಡನ್ನೂ ಅವರೇ ಕೊಟ್ಟರು.